ಕೊಟ್ಟದ್ದನ್ನು ಕಾಯುವುದು

(ವಾರ್ಷಿಕ ದತ್ತಿ ಉಪನ್ಯಾಸದ ಲಿಖಿತ ರೂಪ)

ಮಾನ್ಯ ಪ್ರಾಂಶುಪಾಲರೇ, ಈ ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಹಿರಿಯರೇ, ನನ್ನ ಜೊತೆ ಪಾಠ ಮಾಡಿದ ಗೆಳೆಯರೇ, ಹಿಂದಿನ ಸಾಲುಗಳಲ್ಲಿ ಕೂತಿರುವ ರಾಷ್ಟ್ರೀಯ ಸೇವಾ ಯೋಜನೆಯ ಮಕ್ಕಳೇ,

ಈ ಉಪನ್ಯಾಸದ ಹಿಂದೆ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರು ಇದ್ದಾರೆ. ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಪಾಲನ್ನು ಅವರು ಈ ಕಾಲೇಜಿನ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟರು. ಠೇವಣಿಗೆ ಒಂದೇ ಷರತ್ತು: ಬಡ್ಡಿಯನ್ನು ಖರ್ಚು ಮಾಡಬಹುದು, ಅಸಲನ್ನು ಮುಟ್ಟುವ ಹಾಗಿಲ್ಲ. ಪ್ರತಿವರ್ಷ ಆ ಬಡ್ಡಿಯಲ್ಲಿ ಒಬ್ಬರನ್ನು ಕರೆಸಿ ಮಾತಾಡಿಸುತ್ತೀರಿ. ಈ ಸಲ ನನ್ನನ್ನು ಕರೆದಿದ್ದೀರಿ. ವಿದ್ಯಾರ್ಥಿ ಸೇವಾ ಸಂಘಟನೆಯಲ್ಲಿ ನಾಯಕತ್ವವನ್ನು ಹೇಗೆ ಕಲಿಯುತ್ತಾರೆ ಎನ್ನುವುದರ ಬಗ್ಗೆ ಮಾತಾಡಿ ಎಂದು ಹೇಳಿದ್ದೀರಿ. ನಾನು ಹನ್ನೊಂದು ವರ್ಷ ಎನ್‌ಎಸ್‌ಎಸ್ ಅಧಿಕಾರಿಯಾಗಿದ್ದವನು. ನನಗೆ ಗೊತ್ತಿರುವುದು ಆ ಹನ್ನೊಂದು ವರ್ಷ. ಅದರಲ್ಲೂ ಸರಿಯಾಗಿ ಗೊತ್ತಿರುವುದು ಒಂದು ಗೋಕಟ್ಟೆಯ ವಿಷಯ. ಅಲ್ಲಿಗೆ ಹೋಗುವ ಮೊದಲು ‘ದತ್ತಿ’ ಎನ್ನುವ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು.

ದತ್ತಿ ಎಂದರೆ ಕೊಟ್ಟದ್ದು. ನಮ್ಮ ನಾಡಿನ ಶಾಸನಗಳಲ್ಲಿ ಹೆಚ್ಚಿನವು ದತ್ತಿ ಶಾಸನಗಳೇ. ದೇವಸ್ಥಾನಕ್ಕೆ ಗದ್ದೆ ಬಿಟ್ಟದ್ದು, ಅಗ್ರಹಾರಕ್ಕೆ ಊರು ಬಿಟ್ಟದ್ದು, ಕೆರೆಗೆ ಭೂಮಿ ಬಿಟ್ಟದ್ದು. ಕಲ್ಲಿನ ಕೊನೆಯಲ್ಲಿ ಒಂದು ಶಾಪ ಇರುತ್ತದೆ. ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎನ್ನುವ ಶ್ಲೋಕ. ಇದು ಬಹಳ ಜನಕ್ಕೆ ಗೊತ್ತು. ಅದರ ಪಕ್ಕದಲ್ಲೇ ಎಷ್ಟೋ ಶಾಸನಗಳಲ್ಲಿ ಇನ್ನೊಂದು ಶ್ಲೋಕ ಬರುತ್ತದೆ, ಅದನ್ನು ಯಾರೂ ಅಷ್ಟಾಗಿ ಎತ್ತಿ ಆಡುವುದಿಲ್ಲ. ದಾನ ಮತ್ತು ಪಾಲನೆ ಎರಡರಲ್ಲಿ ಪಾಲನೆಯೇ ಮೇಲು, ಕೊಟ್ಟವನಿಗೆ ಸ್ವರ್ಗ ಸಿಕ್ಕರೆ ಕಾಪಾಡಿದವನಿಗೆ ಅದಕ್ಕಿಂತ ದೊಡ್ಡ ಪದವಿ ಎಂದು ಅದರ ಅರ್ಥ. ಕೆರೆ ಕಟ್ಟಿಸಿದ ಅರಸನಿಗಿಂತ ಏರಿಯ ಬಿರುಕಿಗೆ ಮಣ್ಣು ಮೆತ್ತಿದ ಹೆಸರಿಲ್ಲದ ಮನುಷ್ಯ ದೊಡ್ಡವನು ಎಂದು ಅರಸನ ಶಾಸನದಲ್ಲೇ ಬರೆದಿದೆ. ಇದು ಬರೀ ಮಾತಾಗಿಯೂ ಉಳಿಯಲಿಲ್ಲ. ಕೆರೆ ಕಟ್ಟಿದವರಿಗೆ, ದುರಸ್ತಿ ನೋಡಿಕೊಳ್ಳುವವರಿಗೆ ಕಟ್ಟುಕೊಡಗೆ ಎಂದು ಭೂಮಿ ಬಿಡುತ್ತಿದ್ದರು. ಹೂಳು ಹೊರುವುದಕ್ಕೆ ಬಂಡಿ ಇಟ್ಟುಕೊಂಡವರಿಗೆ ಭೂಮಿ ಬಿಟ್ಟ ಶಾಸನಗಳೂ ಇವೆ. ಕೊಡುವ ದಿನವೇ ಕಾಯುವ ವ್ಯವಸ್ಥೆಯನ್ನೂ ಮಾಡುತ್ತಿದ್ದರು.

ಈ ಶ್ಲೋಕ ನನಗೆ ಬಹಳ ತಡವಾಗಿ ಅರ್ಥವಾಯಿತು. ಅರ್ಥ ಮಾಡಿಸಿದವಳು ಎರಡನೇ ಬಿ.ಎ. ಓದುತ್ತಿದ್ದ ಒಬ್ಬ ಹುಡುಗಿ.

ಎನ್‌ಎಸ್‌ಎಸ್ ಹೇಗೆ ಹುಟ್ಟಿತು ಎನ್ನುವುದನ್ನು ಮಕ್ಕಳಿಗೆ ಹೇಳಿಬಿಡುತ್ತೇನೆ. ಓದುವ ಹುಡುಗರು ದೇಶಕ್ಕೆ ಏನಾದರೂ ಕೆಲಸ ಮಾಡಬೇಕು ಎನ್ನುವ ಮಾತು ಸ್ವಾತಂತ್ರ್ಯ ಬಂದ ಹೊಸದರಲ್ಲೇ ಎದ್ದಿತ್ತು. ಡಾ. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ, ಇಷ್ಟವಿದ್ದವರು ಸೇವೆಗೆ ಬರಲಿ ಎಂದಿತು. 1959ರಲ್ಲಿ ಸಿ.ಡಿ. ದೇಶಮುಖರ ಸಮಿತಿ ಇನ್ನೂ ಮುಂದೆ ಹೋಗಿ, ಹೈಸ್ಕೂಲು ಮುಗಿಸಿ ಕಾಲೇಜಿಗೆ ಸೇರುವವರೆಲ್ಲ ಒಂಬತ್ತು ತಿಂಗಳಿಂದ ಒಂದು ವರ್ಷ ಕಡ್ಡಾಯವಾಗಿ ಸೇವೆ ಮಾಡಬೇಕೆಂದು ಸಲಹೆ ಕೊಟ್ಟಿತು. ಅಷ್ಟು ಹಣ ಎಲ್ಲಿಂದ ತರುವುದು ಎಂದು ಅದು ಅಲ್ಲಿಗೇ ನಿಂತಿತು. ಆಮೇಲೆ ಕೊಠಾರಿ ಆಯೋಗ ಬಂತು, ಮಂತ್ರಿಗಳ ಸಭೆಗಳು, ಕುಲಪತಿಗಳ ಸಭೆಗಳು ನಡೆದವು. ಕೊನೆಗೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಯೋಜನೆ ಶುರುವಾಯಿತು. ಈಗ ಸ್ವಯಂಸೇವಕರ ಸಂಖ್ಯೆ ಮೂವತ್ತು ಲಕ್ಷವನ್ನು ದಾಟಿದೆ. ಅಂದು ಚಾಲನೆ ಕೊಟ್ಟ ಕೇಂದ್ರ ಶಿಕ್ಷಣ ಮಂತ್ರಿ ಡಾ. ವಿ.ಕೆ.ಆರ್.ವಿ. ರಾವ್. ಅರ್ಥಶಾಸ್ತ್ರದ ದೊಡ್ಡ ವಿದ್ವಾಂಸರು. ದೆಹಲಿಯಲ್ಲಿ ಎರಡು ಸಂಸ್ಥೆ ಕಟ್ಟಿದ್ದವರು, ಆಮೇಲೆ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನೂ ಕಟ್ಟಿದರು. ಒಂದನ್ನು ನಿಲ್ಲಿಸಿ, ನಡೆಸುವವರ ಕೈಗೆ ಒಪ್ಪಿಸಿ, ಇನ್ನೊಂದಕ್ಕೆ ಹೊರಡುವ ಮನುಷ್ಯ ಅವರು. ಎನ್‌ಎಸ್‌ಎಸ್ ಅಂಥವರ ಕೈಯಿಂದ ಶುರುವಾದದ್ದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ನಮ್ಮ ಕಡೆಗೆ ಈ ಬೇರು ಇನ್ನೂ ಹಳೆಯದು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು ಅಮೆರಿಕದಲ್ಲಿ ಓದಿ ಬಂದವರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಅವರು ತಮ್ಮ ಹುಬ್ಬಳ್ಳಿ ಸೇವಾ ಮಂಡಳದ ಹುಡುಗರನ್ನು ಕರೆದುಕೊಂಡು ಹೋದರು. ಜೈಲಿನಲ್ಲಿ ಕ್ಷಮೆ ಬರೆದುಕೊಟ್ಟರೆ ಬಿಡುತ್ತೇವೆಂದರು, ಈ ಹುಡುಗರು ಬರೆದುಕೊಡಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಅಧಿವೇಶನ. ಅಲ್ಲಿಗೆ ಉಮಾಬಾಯಿ ಕುಂದಾಪುರ ಅವರು ಊರೂರು ಸುತ್ತಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಮನೆಯ ಹೊಸಿಲು ದಾಟದ ಕಾಲದಲ್ಲಿ ವಿಧವೆಯೊಬ್ಬಳು ಸಾವಿರಾರು ಜನರ ನಡುವೆ ಕೆಲಸ ಹೊತ್ತು ನಿಲ್ಲುವುದು ಎಂದರೆ ಏನೆಂದು ಯೋಚಿಸಿ. ತಾವೇ ವಿಧವೆಯಾಗಿದ್ದ ಉಮಾಬಾಯಿಯವರಿಗೆ ಅದು ಪುಸ್ತಕ ಓದಿ ಗೊತ್ತಾದ ಸಂಗತಿಯಲ್ಲ. ಆ ಅಧಿವೇಶನಕ್ಕೆ ಬಂದವರ ನೀರಿಗೆಂದು ತೋಡಿದ ಬಾವಿ ಇಂದಿಗೂ ಬೆಳಗಾವಿಯಲ್ಲಿದೆ. ಜನ ಅದನ್ನು ಕಾಂಗ್ರೆಸ್ ಬಾವಿ ಎಂದೇ ಕರೆಯುತ್ತಾರೆ. ಭಾಷಣಗಳು ಮುಗಿದು ನೂರು ವರ್ಷವಾಯಿತು, ಬಾವಿ ಇದೆ. ಯಾರೋ ಅದನ್ನು ಕಾದಿರಬೇಕು.

ಇನ್ನು ನನ್ನ ಕಥೆಗೆ ಬರುತ್ತೇನೆ.

ಎನ್‌ಎಸ್‌ಎಸ್ ಅಧಿಕಾರಿಯಾಗಿ ನಾನು ಚಾರ್ಜ್ ತೆಗೆದುಕೊಂಡ ದಿನ ಹಿಂದಿನವರು ಒಂದು ಪಟ್ಟಿ ಕೊಟ್ಟರು. ಗುದ್ದಲಿ 22, ಪಿಕಾಸಿ 14, ಬಾಂಡ್ಲಿ 40, ಹಾರೆ 6, ದೊಡ್ಡ ಅನ್ನದ ಪಾತ್ರೆ 2, ಮೈಕ್ ಸೆಟ್ 1, ಬ್ಯಾನರ್ 1. ಎಣಿಸಿ ನೋಡಿ ಸಹಿ ಹಾಕಿದೆ. ಒಂದು ಬಾಂಡ್ಲಿಯ ಹಿಡಿ ಮುರಿದಿದ್ದನ್ನೂ ಷರಾ ಕಾಲಮ್ಮಿನಲ್ಲಿ ಬರೆದಿದ್ದರು. ಅಷ್ಟು ಅಚ್ಚುಕಟ್ಟಾದ ಮನುಷ್ಯ. ಆದರೆ ಹಿಂದಿನ ಐದು ವರ್ಷ ಯಾವ ಯಾವ ಊರಿಗೆ ಹೋಗಿದ್ದರು, ಅಲ್ಲಿ ಏನು ಮಾಡಿದ್ದರು, ಏನು ಮಾಡಿಕೊಡುತ್ತೇವೆಂದು ಮಾತು ಕೊಟ್ಟು ಬಂದಿದ್ದರು, ಇದು ಯಾವುದೂ ಪಟ್ಟಿಯಲ್ಲಿರಲಿಲ್ಲ. ನಾನೂ ಕೇಳಲಿಲ್ಲ. ಗುದ್ದಲಿಗೆ ಲೆಕ್ಕ ಇತ್ತು, ಊರಿಗೆ ಇರಲಿಲ್ಲ.

ಆಗ ವಿಶೇಷ ಶಿಬಿರ ಹತ್ತು ದಿನ ನಡೆಯುತ್ತಿತ್ತು, ಈಗ ಏಳು. ಉಳಿದಂತೆ ಕ್ರಮ ಅದೇ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಒಂದು ಶಿಬಿರ. ಐವತ್ತು ಜನರನ್ನು ಐದು ತಂಡ ಮಾಡಿ ಕಾವೇರಿ, ತುಂಗಾ, ಕೃಷ್ಣಾ, ಶರಾವತಿ, ನೇತ್ರಾವತಿ ಎಂದು ಹೆಸರಿಟ್ಟುಬಿಡುತ್ತಿದ್ದೆವು. ಒಂದೊಂದು ತಂಡಕ್ಕೆ ಒಂದೊಂದು ದಿನ ಅಡುಗೆಯ ಪಾಳಿ. ಬೆಳಗ್ಗೆ ಪ್ರಭಾತಫೇರಿ, ಧ್ವಜಾರೋಹಣ, ಬಿಸಿಲು ಏರುವ ತನಕ ಶ್ರಮದಾನ, ಮಧ್ಯಾಹ್ನ ಒಂದು ಉಪನ್ಯಾಸ, ಸಂಜೆ ಮನೆಮನೆ ಸಮೀಕ್ಷೆ, ರಾತ್ರಿ ಊರಿನವರ ಎದುರು ನಾಟಕ, ಹಾಡು. ಎಲ್ಲ ಮುಗಿದ ಮೇಲೆ ಶಾಲೆಯ ಹಾಲಿನಲ್ಲಿ ಜಮಖಾನೆ ಹಾಸಿಕೊಂಡು ಆ ದಿನದ ಅವಲೋಕನ. ನಾಯಕತ್ವ ಕಲಿಯುವುದು ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಬಹಳ ವರ್ಷ ರಾತ್ರಿಯ ಕಾರ್ಯಕ್ರಮದ ಕಡೆ ಬೊಟ್ಟು ಮಾಡುತ್ತಿದ್ದೆ. ಮೈಕು ಹಿಡಿದರೆ ನಡುಗುತ್ತಿದ್ದ ಹುಡುಗ ಹತ್ತನೇ ದಿನ ನಿರೂಪಣೆ ಮಾಡುತ್ತಾನಲ್ಲ, ಅದೇ ನಾಯಕತ್ವ ಎಂದುಕೊಂಡಿದ್ದೆ. ಅದು ಸಣ್ಣ ಕಲಿಕೆಯೇನೂ ಅಲ್ಲ. ಆದರೆ ಅದು ಧೈರ್ಯ, ನಾಯಕತ್ವ ಬೇರೆ.

ತೊಂಬತ್ತರ ದಶಕದ ಒಂದು ಜನವರಿಯಲ್ಲಿ ತುಮಕೂರು ಜಿಲ್ಲೆಯ ಬಯಲುಸೀಮೆಯ ಒಂದು ಊರಿನಲ್ಲಿ ನಮ್ಮ ಶಿಬಿರ. ಸಂಕ್ರಾಂತಿ ಮುಗಿದಿತ್ತು. ಊರ ಮುಂದೆ ಒಂದು ಗೋಕಟ್ಟೆ. ದನಕರು ನೀರು ಕುಡಿಯುವ ಕಟ್ಟೆ, ಹೂಳು ತುಂಬಿ ಅಂಗಳದ ಹಾಗೆ ಸಪಾಟಾಗಿತ್ತು. ಪಂಚಾಯಿತಿಯವರು ಅದನ್ನೇ ತೋರಿಸಿದರು. ಹುಡುಗರಿಗೆ ಖುಷಿ, ಕಣ್ಣಿಗೆ ಕಾಣುವ ಕೆಲಸ. ಹತ್ತು ದಿನದಲ್ಲಿ ನಾಲ್ಕು ಅಡಿ ಹೂಳು ತೆಗೆದೆವು. ತೆಗೆದ ಮಣ್ಣನ್ನು ಹತ್ತಿರದ, ಗಟ್ಟಿ ನೆಲವಿದ್ದ ಮೇಲಿನ ದಡದಲ್ಲಿ ಹಾಕಿ ಏರಿಯ ಹಾಗೆ ಒಪ್ಪ ಮಾಡಿದೆವು. ಅದರ ಮೇಲೆ ಹನ್ನೊಂದು ಹೊಂಗೆ ಸಸಿ ನೆಟ್ಟು, ಸುತ್ತ ಕಲ್ಲಿಟ್ಟು ಸುಣ್ಣ ಬಳಿದೆವು. ಸಮಾರೋಪಕ್ಕೆ ಬಂದ ಗಣ್ಯರು ಆ ಏರಿಯ ಮೇಲೆ ನಿಂತು ಫೋಟೊ ತೆಗೆಸಿಕೊಂಡರು. ಆ ವರ್ಷದ ವರದಿಯಲ್ಲಿ ಅದೇ ಮುಖಪುಟ.

ಶಿಬಿರದ ಲೆಕ್ಕ ಬರೆಯುವ ಕೆಲಸವನ್ನು ಒಬ್ಬ ಹುಡುಗಿಗೆ ಕೊಟ್ಟಿದ್ದೆ. ಮಾತು ಕಡಿಮೆ. ಎಷ್ಟು ಅಕ್ಕಿ ಬಂತು, ಎಷ್ಟು ಅಳೆದು ಕೊಟ್ಟೆ, ಎಷ್ಟು ಉಳಿಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಮೊದಲ ದಿನ ಎರಡು ತಟ್ಟೆ ಕಮ್ಮಿ ಬಂದಾಗ ಯಾರಿಗೂ ಹೇಳದೆ ಪಕ್ಕದ ಮನೆಯಿಂದ ಇಸಕೊಂಡು ಬಂದು, ಹತ್ತನೇ ದಿನ ತೊಳೆದು ವಾಪಸು ಕೊಟ್ಟು ಬಂದಿದ್ದಳು. ಅದು ನನಗೆ ಗೊತ್ತಾದದ್ದು ನೋಟ್‌ಬುಕ್ ನೋಡಿದ ಮೇಲೆ.

ಸೆಪ್ಟೆಂಬರಿನಲ್ಲಿ ಉತ್ತರೆ ಮಳೆ ಹೊಡೆಯಿತು. ಅದಾದ ಸೋಮವಾರ, ಸಂತೆಯ ದಿನ, ಆ ಊರಿನ ನೀರುಗಂಟಿ ತಾತ ಕಾಲೇಜಿನ ಗೇಟಿನ ಹತ್ತಿರ ಬಂದು ನಿಂತಿದ್ದರು. ಕೈಯಲ್ಲಿ ಸಂತೆಯ ಚೀಲ. ಒಳಗೆ ಬರಲಿಲ್ಲ. ಆ ಹುಡುಗಿ ಗುರುತು ಹಿಡಿದು ಹತ್ತಿರ ಹೋದಳು.

“ಏನ್ ತಾತ, ಕಟ್ಟೆ ತುಂಬ್ತಾ?”

“ಕಟ್ಟೆ ಎಲ್ಲಿ ತುಂಬ್ತದವ್ವ. ಮಣ್ಣು ತೆಗುದ್ರಿ, ಸರಿ. ನೀರು ಎತ್ಲಿಂದ ಬರ್ಬೇಕು ಅಂತ ಯಾರನ್ನಾದ್ರೂ ಕೇಳುದ್ರಾ?”

ನಾವು ಒಪ್ಪವಾಗಿ ಏರಿ ಹಾಕಿ ಹೊಂಗೆ ನೆಟ್ಟಿದ್ದ ಮೇಲಿನ ದಡವೇ ಕಟ್ಟೆಗೆ ನೀರು ಬರುವ ದಾರಿಯಾಗಿತ್ತು. ಹೂಳು ತುಂಬಿ ಆ ಹರಿವು ಬೇಸಿಗೆಯಲ್ಲಿ ಕಣ್ಣಿಗೆ ಕಾಣುತ್ತಿರಲಿಲ್ಲ. ಗುಡ್ಡದ ಕಡೆಯಿಂದ ಬಂದ ನೀರು ನಮ್ಮ ಏರಿಗೆ ತಗುಲಿ, ಪಕ್ಕಕ್ಕೆ ತಿರುಗಿ, ಕೆಳಗಿದ್ದ ಒಬ್ಬ ಹೆಂಗಸಿನ ಹೊಲಕ್ಕೆ ನುಗ್ಗಿತ್ತು. ಕಡಲೆಕಾಯಿ ಹೊಲ, ಕೀಳುವುದಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು. ಮೇಲ್ಮಣ್ಣಿನ ಸಮೇತ ಅರ್ಧ ಹೊಲ ಕೊಚ್ಚಿಹೋಗಿತ್ತು. ಆಕೆ ಗಂಡನನ್ನು ಕಳೆದುಕೊಂಡವರು. ಇಬ್ಬರು ಸಣ್ಣ ಮಕ್ಕಳು.

ಮಾರನೆಯ ದಿನ ನಾನೂ ಆ ಹುಡುಗಿಯೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಜಾಗ ತೋರಿಸಿದ್ದು ಪಂಚಾಯಿತಿ, ಇಂಜಿನಿಯರ್ ಯಾರೂ ಬಂದು ನೋಡಲಿಲ್ಲ, ನಮ್ಮವು ಮಕ್ಕಳು. ಎಲ್ಲವೂ ನಿಜವೇ. ಊರಿಗೆ ಇಳಿದ ಮೇಲೆ ನಾನು ಪಂಚಾಯಿತಿ ಕಟ್ಟೆಯ ಕಡೆ ಹೆಜ್ಜೆ ಹಾಕಿದೆ. ಅವಳು ಸೀದಾ ಆ ಹೆಂಗಸಿನ ಮನೆಗೆ ಹೋದಳು. ನಾನು ಬೀದಿಯಲ್ಲಿ ನಿಂತುಬಿಟ್ಟೆ. ಆಕೆ ಮೊರದಲ್ಲಿ ಉಳಿದ ಕಾಯಿ ಹಸನು ಮಾಡುತ್ತಿದ್ದರು, ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂದರು: “ಒಳ್ಳೇದು ಮಾಡಾಕೆ ಬಂದೋರು ನೀವು. ನಿಮ್ಮನ್ನ ಬೈಯಂಗೂ ಇಲ್ವಲ್ಲವ್ವ.”

ಹುಡುಗಿ ಜಗಲಿಯ ಮೇಲೆ ಕೂತಳು. “ಬೈಯಕ್ಕ. ಬೈಸ್ಕೊಳಾಕೆ ಬಂದಿದೀನಿ.”

ಮಿತ್ರರೇ, ಮೂವತ್ತು ವರ್ಷದ ಮೇಷ್ಟ್ರ ಕೆಲಸದಲ್ಲಿ ನಾನು ನಾಯಕತ್ವದ ಮೇಲೆ ಎಷ್ಟೋ ಉಪನ್ಯಾಸ ಕೇಳಿದ್ದೇನೆ, ಕೆಲವನ್ನು ಮಾಡಿಯೂ ಇದ್ದೇನೆ. ಆ ಜಗಲಿಯ ಮೇಲೆ ಕೇಳಿದ ಎರಡು ಮಾತಿನಷ್ಟು ಯಾವುದೂ ನನ್ನನ್ನು ಅಲುಗಾಡಿಸಿಲ್ಲ. ಸೇವೆಯೊಳಗೆ ಒಂದು ಕ್ರೌರ್ಯ ಅಡಗಿರುತ್ತದೆ. ಕೂಲಿಗೆ ಬಂದವನು ಕೆಲಸ ಕೆಡಿಸಿದರೆ ಕೇಳಬಹುದು, ಗುತ್ತಿಗೆದಾರನ ಮೇಲೆ ಅರ್ಜಿ ಹಾಕಬಹುದು. ಪುಗಸಟ್ಟೆ ಒಳ್ಳೆಯದು ಮಾಡಲು ಬಂದವನನ್ನು ಬಡವರು ಏನೂ ಅನ್ನಲಾರರು. ನಷ್ಟವನ್ನೂ ಹೊತ್ತುಕೊಂಡು, ಬಂದವರಿಗೆ ಟೀ ಕಾಸಿ ಕೊಡಬೇಕು. ನಮ್ಮ ಯೋಜನೆಯ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಎಷ್ಟು ಸೊಗಸಾದ ಮಾತು! ಆದರೆ ನಿನಗೆ ಏನು ಬೇಕು ಎಂದು ‘ನಿನ್ನ’ನ್ನು ಕೇಳದೆ ಹೋದರೆ ಆ ಮಾತಿನೊಳಗೆ ಉಳಿಯುವುದು ನಾನೊಬ್ಬನೇ. ಎದುರಿಗಿರುವವರಿಗೆ ಬೈಯುವ ಹಕ್ಕನ್ನು ವಾಪಸು ಕೊಟ್ಟವಳು ಆ ಹುಡುಗಿ. ನಾನು ಅಲ್ಲಿ ಕಂಡ ನಾಯಕತ್ವ ಅದು.

ಆಕೆ ಬೈದರು. ಚೆನ್ನಾಗಿಯೇ ಬೈದರು. ಆಮೇಲೆ ನೀರು ಕೊಟ್ಟರು.

ಅವತ್ತು ಮಧ್ಯಾಹ್ನ ಅವಳು ನೀರುಗಂಟಿ ತಾತನನ್ನು ಕರೆದುಕೊಂಡು ಕಟ್ಟೆಯ ಹತ್ತಿರ ಹೋದಳು. ತಾತ ಕಡ್ಡಿಯಲ್ಲಿ ನೆಲದ ಮೇಲೆ ಗೆರೆ ಎಳೆದರು. ಗುಡ್ಡ ಇಲ್ಲಿ, ಬಂಡೆ ಇಲ್ಲಿ, ಮಳೆ ಇಲ್ಲಿ ಬಿದ್ದರೆ ನೀರು ಹೀಗೆ ಇಳಿದು ಹೀಗೆ ಒಳಕ್ಕೆ ಬರಬೇಕು, ಹೆಚ್ಚಾದದ್ದು ಹೀಗೆ ಕೋಡಿಯಲ್ಲಿ ಹೊರಕ್ಕೆ ಹೋಗಬೇಕು. ಅವಳು ಅದನ್ನು ಅಕ್ಕಿಯ ಲೆಕ್ಕ ಬರೆದಿದ್ದ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮುಂದಿನ ಭಾನುವಾರ ಹದಿನಾಲ್ಕು ಜನರನ್ನು ಕರೆತಂದಳು. ಬಸ್ ಚಾರ್ಜು ಅವರವರದೇ. ಹಾಜರಿ ಇಲ್ಲ, ಸೇವೆಯ ಗಂಟೆಗೂ ಸೇರುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಬಂದವರ ಕೈಗೆ ಕೂಡಲೇ ಗುದ್ದಲಿ ಕೊಡಲಿಲ್ಲ. ತಾತನ ಹಿಂದೆ ಗುಡ್ಡದ ಬುಡದವರೆಗೆ, ನೀರು ಇಳಿಯುವ ದಾರಿಯಲ್ಲೇ ಎಲ್ಲರನ್ನೂ ನಡೆಸಿದಳು. ಕೆಲಸ ಶುರುವಾದಾಗ ಹನ್ನೊಂದು ಗಂಟೆ. ಬಿಸಿಲಾಯಿತು ಎಂದು ನಾನು ಗೊಣಗಿದ್ದು ನೆನಪಿದೆ.

ಇನ್ನು ಮಣ್ಣನ್ನು ಏನು ಮಾಡುವುದು? ಅದಕ್ಕೂ ಅವಳು ಊರನ್ನೇ ಕೇಳಿದಳು. ಕೆರೆಕಟ್ಟೆಯ ಗೋಡು ಹೊಲಕ್ಕೆ ಒಳ್ಳೆಯ ಗೊಬ್ಬರ ಎನ್ನುವುದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜನವರಿಯಲ್ಲಿ ನಾವು ಕೇಳಿದ್ದಿದ್ದರೆ ಅಲ್ಲೇ ಬಂಡಿ ತಂದು ಹೇರಿಕೊಂಡು ಹೋಗುತ್ತಿದ್ದರು. ಕಾಲೇಜಿನವರು ಏರಿ ಕಟ್ಟುತ್ತಿದ್ದಾರೆ, ನಮಗೇಕೆ ಎಂದು ಸುಮ್ಮನಿದ್ದರಂತೆ. ಈಗ ಕೇಳಿದ ಕೂಡಲೇ ನಾಲ್ಕು ಎತ್ತಿನ ಗಾಡಿ, ಒಂದು ಟ್ರ್ಯಾಕ್ಟರ್ ಬಂತು. ಮೊದಲ ಏಳು ಗಾಡಿ ಗೋಡು ಕೊಚ್ಚಿಹೋದ ಕಡಲೆಕಾಯಿ ಹೊಲಕ್ಕೆ ಹೋಗಬೇಕೆಂದು ಊರಿನವರೇ ತೀರ್ಮಾನ ಮಾಡಿದರು. ಮೂರು ಭಾನುವಾರ ಮತ್ತು ದಸರಾ ರಜೆಯ ಎರಡು ದಿನ ಕೆಲಸ ನಡೆಯಿತು. ಹೊಂಗೆ ಸಸಿಗಳನ್ನು ಬೇರು ಸಮೇತ ಎತ್ತಿ ಕೋಡಿಯ ಆಚೆಗೆ ನೆಟ್ಟರು. ಏಳು ಬದುಕಿದವು. ಅವತ್ತು ಫೋಟೊ ತೆಗೆಯಲು ಯಾರೂ ಇರಲಿಲ್ಲ. ಆ ವರ್ಷದ ವರದಿಯಲ್ಲಿ ಇದರ ಒಂದು ಸಾಲೂ ಇಲ್ಲ, ಬರೆಯುವುದಕ್ಕೆ ಕಾಲಮ್ಮೇ ಇರಲಿಲ್ಲ.

ಕನ್ನಡದಲ್ಲಿ ನಾಯಕ ಎನ್ನುವುದಕ್ಕೆ ಮುಂದಾಳು ಎನ್ನುತ್ತೇವೆ, ಮುಂದೆ ನಡೆಯುವ ಆಳು. ಅದು ಪುಸ್ತಕದಲ್ಲಿ ಹೆಚ್ಚು. ಊರಿನ ಬಾಯಲ್ಲಿರುವ ಮಾತು ಬೇರೆ. ಮದುವೆಯೋ ಜಾತ್ರೆಯೋ ಚೆನ್ನಾಗಿ ನಡೆದರೆ ಜನ ಏನೆನ್ನುತ್ತಾರೆ? “ಎಲ್ಲಾ ಅವರೇ ನಿಂತು ಮಾಡಿಸಿದ್ರು” ಎನ್ನುತ್ತಾರೆ. ನಡೆದರು ಎನ್ನುವುದಿಲ್ಲ, ನಿಂತರು ಎನ್ನುತ್ತಾರೆ. ಕೊನೆಯ ಎಲೆ ಎತ್ತುವ ತನಕ, ಬಾಡಿಗೆ ಪಾತ್ರೆ ಎಣಿಸಿ ವಾಪಸು ಕಳಿಸುವ ತನಕ ನಿಂತವರು. ಆ ಹುಡುಗಿ ಹಾಗೆ ನಿಂತವಳು.

ಒಂದು ಮಾತು ಬಿಟ್ಟುಹೋಗಬಾರದು. ನಿಲ್ಲುವುದಕ್ಕೆ ಮುಂಚೆ ಎಲ್ಲಿ ನಿಲ್ಲುತ್ತೀರಿ ಎನ್ನುವುದನ್ನು ಊರು ನೋಡುತ್ತದೆ. ಶಿಬಿರ ಊರಿಗೆ ಬಂದ ಮೊದಲ ಸಂಜೆ ನೀವು ಯಾರ ಮನೆಯ ನೀರು ಕುಡಿದಿರಿ, ಸಮೀಕ್ಷೆಯನ್ನು ಯಾವ ಬೀದಿಯಿಂದ ಶುರು ಮಾಡಿದಿರಿ, ರಾತ್ರಿಯ ನಾಟಕಕ್ಕೆ ಕರೆಯಲು ಕೇರಿಗೆ ಹೋದಿರೋ ಇಲ್ಲವೋ. ನನ್ನ ಮೊದಲ ಶಿಬಿರಗಳಲ್ಲಿ ಸಮೀಕ್ಷೆ ದೇವಸ್ಥಾನದ ಬೀದಿಯಿಂದ ಶುರುವಾಗಿ, ಹೊತ್ತು ಮುಳುಗುವಾಗ ಕೇರಿಗೆ ತಲುಪುತ್ತಿತ್ತು. ಅಷ್ಟರಲ್ಲಿ ಹುಡುಗರಿಗೆ ಸುಸ್ತು, ಫಾರಂಗಳಲ್ಲಿ ಅರ್ಧ ಖಾಲಿ. ಗೋಕಟ್ಟೆಯ ಆ ವರ್ಷದಿಂದಾಚೆಗೆ ಕೇರಿಯಿಂದಲೇ ಶುರು ಮಾಡಿದೆವು. ಒಂದು ಶಿಬಿರದಲ್ಲಿ ಒಬ್ಬ ಹುಡುಗ ಅಲ್ಲಿ ಕೊಟ್ಟ ನೀರಿನ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ, ಕುಡಿಯಲೂ ಆಗದೆ, ಇಡಲೂ ಆಗದೆ. ಕೊಟ್ಟ ಅಜ್ಜಿ ಅವನನ್ನೇ ನೋಡುತ್ತಿದ್ದರು. ಕೊನೆಗೆ ಕುಡಿದ. ರಾತ್ರಿ ಅವಲೋಕನದಲ್ಲಿ ಎದ್ದು ನಿಂತು, ತನ್ನ ಮನೆಯಲ್ಲಿ ಇದನ್ನು ಹೇಗೆ ಹೇಳುವುದೋ ಗೊತ್ತಿಲ್ಲ ಎಂದು ಅತ್ತ. ಅಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಬಾರದಿತ್ತು ಕೂಡ. ಆ ಅಜ್ಜಿ ಅದೇ ನೋಟವನ್ನು ಎಷ್ಟು ವರ್ಷದಿಂದ ನೋಡುತ್ತಾ ಬಂದಿದ್ದರೋ. ಕೊಡುವುದಕ್ಕೆಂದು ಹೋದ ನಾವು ಅವರ ಕೈಯಿಂದ ತೆಗೆದುಕೊಳ್ಳಲು ಕಲಿಯಬೇಕಾಗಿತ್ತು.

ನಮ್ಮಲ್ಲಿ ಬಹಳ ಜನ ಹೀಗೆ ತೆಗೆದುಕೊಂಡೇ ಬೆಳೆದವರು. ಹಳೇ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರ ಒಂದು ತಲೆಮಾರೇ ಇತ್ತು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆಮೇಲೆ ಮಠಗಳ ಉಚಿತ ವಿದ್ಯಾರ್ಥಿನಿಲಯಗಳು, ಸರ್ಕಾರಿ ಹಾಸ್ಟೆಲುಗಳು. ನಾನೂ ಅಂಥ ಒಂದು ವಿದ್ಯಾರ್ಥಿನಿಲಯದ ಮುದ್ದೆ ಉಂಡು ಬಿ.ಎ. ಮಾಡಿದವನು. ಋಣ ತೀರಿಸಬೇಕು ಎನ್ನುತ್ತೇವೆ. ನನಗೆ ಉಣ್ಣಲು ಇಟ್ಟ ಅಡುಗೆಯವರು ಯಾವತ್ತೋ ಹೋಗಿಬಿಟ್ಟರು, ಅವರಿಗೆ ನಾನು ಏನನ್ನು ತೀರಿಸಲಿ? ಉಂಡವನು ಮಾಡಬಹುದಾದದ್ದು ಒಂದೇ, ಆ ಒಲೆ ಆರದ ಹಾಗೆ ನೋಡಿಕೊಳ್ಳುವುದು. ಈ ದತ್ತಿಯ ಮೇಷ್ಟ್ರು ಅಸಲು ಮುಟ್ಟಬೇಡಿ ಎಂದದ್ದೂ ಇದಕ್ಕೇ ಇರಬೇಕು.

ಈಗಿನ ಸ್ಥಿತಿಯ ಬಗ್ಗೆ ನನಗೆ ಆತಂಕವಿದೆ, ಅದನ್ನು ನಿಮ್ಮೆದುರು ಹೇಳದೆ ಹೋದರೆ ಈ ವೇದಿಕೆಗೆ ಅನ್ಯಾಯ. ಒಂದೇ ದಿನದಲ್ಲಿ ನೂರಾರು ಸಸಿ ನೆಡುತ್ತಾರೆ, ಹೋದ ವರ್ಷ ನೆಟ್ಟು ಒಣಗಿದ ಗುಂಡಿಗಳಲ್ಲೇ. ಸ್ವಚ್ಛತಾ ದಿನ ಗುಡಿಸಿದ ಕಸ ಮಾರನೆಯ ದಿನ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಹೊಸ ತಂಡ ಬಂದಾಗಲೆಲ್ಲ ಹೊಸ ಊರು, ಹೊಸ ಬ್ಯಾನರು. ಕೊಡುವ ಹುಮ್ಮಸ್ಸು ಮಕ್ಕಳಲ್ಲಿ ಬೆಟ್ಟದಷ್ಟಿದೆ, ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಪ್ರವಾಹ ಬಂದಾಗ, ಕೊರೊನಾ ಬಂದಾಗ ಮೊದಲು ಬೀದಿಗೆ ಇಳಿದದ್ದು ಅವರೇ. ಆ ಹುಮ್ಮಸ್ಸಿಗೆ ನೆನಪನ್ನು ಜೋಡಿಸಿಕೊಡುವುದು ಹಿರಿಯರ ಕೆಲಸ, ನಾವು ಅದನ್ನು ಮಾಡುತ್ತಿಲ್ಲ. ಎನ್‌ಎಸ್‌ಎಸ್ ಲಾಂಛನ ಕೋನಾರ್ಕದ ಸೂರ್ಯರಥದ ಚಕ್ರ. ಅದರ ಎಂಟು ಅರೆಗಳು ದಿನದ ಇಪ್ಪತ್ತನಾಲ್ಕು ಗಂಟೆಯನ್ನೂ ಸೂಚಿಸುತ್ತವೆ ಎಂದು ಕೈಪಿಡಿಯಲ್ಲಿದೆ, ಯಾವ ಹೊತ್ತಿನಲ್ಲಾದರೂ ಸಿದ್ಧ ಎಂದು. ಏಳು ದಿನದ ಶಿಬಿರ ಮುಗಿದ ಎಂಟನೇ ದಿನವೂ ಆ ಗಂಟೆಗಳಲ್ಲಿ ಸೇರಿದೆ.

ಪ್ರಾಂಶುಪಾಲರಲ್ಲಿ ನನ್ನದೊಂದು ಬೇಡಿಕೆ. ಪ್ರತಿವರ್ಷದ ವಿಶೇಷ ಶಿಬಿರದ ಏಳು ದಿನದಲ್ಲಿ ಒಂದು ದಿನವನ್ನು ಹಿಂದಿನ ವರ್ಷದ ಊರಿಗೆ ಮೀಸಲಿಡಿ. ಹೊಸ ಕೆಲಸಕ್ಕಲ್ಲ. ಹೋಗಿ, ಜಗಲಿಯ ಮೇಲೆ ಕೂತು, ನಾವು ಮಾಡಿದ್ದು ಹೇಗಿದೆ ಎಂದು ಕೇಳಿ ಬರುವುದಕ್ಕೆ. ತಂಡದ ನಾಯಕರನ್ನು ಆರಿಸುವಾಗ ಯಾರು ಚೆನ್ನಾಗಿ ಮಾತಾಡುತ್ತಾರೆ ಎಂದು ನೋಡುವ ಬದಲು, ಹೋದ ವರ್ಷ ಕೊಟ್ಟ ಮಾತು ಯಾರಿಗೆ ನೆನಪಿದೆ ಎಂದು ಕೇಳಿ. ಉತ್ತರ ಹೇಳಿದವರಿಗೆ ತಂಡ ಒಪ್ಪಿಸಿ.

ಆ ಹುಡುಗಿ ಮುಂದೆ ಏನಾದಳು ಎಂದು ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ದೊಡ್ಡ ಅಧಿಕಾರಿಯಾದಳು ಎಂದು ನಾನು ಹೇಳಬೇಕೆಂದು ಅವರ ನಿರೀಕ್ಷೆ. ಅವಳು ಏನಾದಳು ಎನ್ನುವುದು ಅವಳ ಸ್ವಂತ ವಿಷಯ. ಆ ಹೊತ್ತಿನಲ್ಲಿ ಅವಳು ಮಾಡಿದ್ದು ಅಲ್ಲಿಗೇ ಪೂರ್ಣವಾಗಿತ್ತು, ಅದಕ್ಕೆ ಮುಂದಿನ ಹುದ್ದೆಯ ಸರ್ಟಿಫಿಕೇಟು ಬೇಡ.

ಕಾಲೇಜು ಬಿಟ್ಟು ಹೋಗುವಾಗ ಅವಳು ಆ ನೋಟ್‌ಬುಕ್ಕನ್ನು ನನಗೆ ಕೊಡಲಿಲ್ಲ, ಮುಂದಿನ ವರ್ಷದ ತಂಡದ ಕೈಗೆ ಕೊಟ್ಟಳು. ಅವರು ಅದರ ಮುಂದಿನವರಿಗೆ. ಮೊದಲ ಪುಟಗಳಲ್ಲಿ ಅಕ್ಕಿ, ಬೇಳೆ, ಎರಡು ತಟ್ಟೆ. ಆಮೇಲೆ ತಾತ ಹೇಳಿದ ನೀರಿನ ದಾರಿ. ಆಮೇಲೆ ಬೇರೆ ಬೇರೆ ಕೈಬರಹದಲ್ಲಿ ಆರು ಊರುಗಳು: ಏನು ಮಾಡಿದೆವು, ಯಾರನ್ನು ಕೇಳಿದೆವು, ಏನು ಬಾಕಿ. ಒಂದು ವರ್ಷ ತೆಗೆದುಕೊಳ್ಳುವವರು ಯಾರೂ ಸಿಗದೆ ಅದು ನನ್ನ ಬೀರುವಿಗೆ ಬಂತು. ನಿವೃತ್ತಿಯ ದಿನ ಗುದ್ದಲಿಯ ಪಟ್ಟಿಯನ್ನು ನಾನು ತಪ್ಪದೆ ಒಪ್ಪಿಸಿದೆ, ಇದನ್ನು ಒಪ್ಪಿಸಲು ಮರೆತೆ. ಇವತ್ತು ತಂದಿದ್ದೇನೆ, ಇಲ್ಲಿ ಮೇಜಿನ ಮೇಲಿದೆ. ರಟ್ಟು ಬಿಟ್ಟಿದೆ, ಒಳಗೆ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತದೆ. ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಇವೆ. ಬರೆದಿರುವ ಕೊನೆಯ ಸಾಲು ಆ ಗೋಕಟ್ಟೆಯದೇ: “ಕೋಡಿಯ ಹತ್ತಿರ ಎರಡು ಕಲ್ಲು ಸಡಿಲ. ಮಳೆಗೆ ಮುಂಚೆ ಹೋಗಿ ನೋಡುವುದು.”

ಹಿಂದಿನ ಸಾಲಿನಿಂದ ಯಾರಾದರೂ ಎದ್ದು ಬಂದು ತೆಗೆದುಕೊಳ್ಳಿ.